ಶಾಲುಗಳು ಹೆಚ್ಚಾದವು, ಬರವಣಿಗೆ ನಿಂತಿತು: ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನವಳು, ವಯಸ್ಸು 44. ಅಡಿಕೆ ಮಾರಾಟದ ಸಹಕಾರ ಸಂಘವೊಂದರಲ್ಲಿ 18 ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಕಾಲೇಜಿನ ದಿನಗಳಿಂದಲೂ ಕವನ ಬರೆಯುತ್ತಿದ್ದೆ. 2019ರಲ್ಲಿ 42,000 ರೂಪಾಯಿ ಸ್ವಂತ ಖರ್ಚಿನಲ್ಲಿ ಒಂದು ಕವನ ಸಂಕಲನವನ್ನು 500 ಪ್ರತಿ ಮಾಡಿಸಿದೆ. ದಾವಣಗೆರೆಯಲ್ಲಿ ಬಿಡುಗಡೆ ಸಮಾರಂಭ ಚೆನ್ನಾಗಿಯೇ ಆಯಿತು. 130 ಪ್ರತಿಗಳು ಗೌರವ ಪ್ರತಿಯಾಗಿ ಹೋದವು, 24 ಮಾರಾಟವಾದವು, ಉಳಿದ 346 ಮನೆಯ ಅಟ್ಟದಲ್ಲಿವೆ. ಆಮೇಲೆ ಜಿಲ್ಲೆಯ ಕವಿಗೋಷ್ಠಿಗಳಿಗೆ ಕರೆ ಬರತೊಡಗಿತು. ಭಾನುವಾರ ಬಂದರೆ ಬಸ್ಸು ಹತ್ತುವುದೇ ಕೆಲಸವಾಯಿತು. ಒಂಬತ್ತು ನೆನಪಿನ ಕಾಣಿಕೆಗಳಿವೆ, ಶಾಲುಗಳನ್ನು ಎಣಿಸಿಲ್ಲ. ‘ಇನ್ನೊಂದು ಬೀರು ತರೋಣವೇ?’ ಎಂದು ಮನೆಯವರು ತಮಾಷೆ ಮಾಡುತ್ತಾರೆ. ಆದರೆ ಎರಡು ವರ್ಷಗಳಿಂದ ರಾಜ್ಯೋತ್ಸವಕ್ಕೊಂದು, ಮಹಿಳಾ ದಿನಕ್ಕೊಂದು, ದಸರಾಕ್ಕೊಂದು ಎಂದು ಗೋಷ್ಠಿಗೆ ಬೇಕಾದ ಕವನಗಳನ್ನು ಬಿಟ್ಟರೆ ಬೇರೇನನ್ನೂ ಬರೆದಿಲ್ಲ. ಕಥೆ ಬರೆಯಲು ಹೊರಟು ನಾಲ್ಕು ಪುಟಕ್ಕೆ ನಿಂತಿದ್ದೇನೆ. ನನಗಿಂತ ಹದಿನೈದು ವರ್ಷ ಚಿಕ್ಕವರು ಬೆಂಗಳೂರಿನಲ್ಲಿದ್ದು ಹೆಸರು ಮಾಡುತ್ತಿರುವುದನ್ನು ಕಂಡು ಸಂಕಟವಾಗುತ್ತದೆ, ಆ ಸಂಕಟಕ್ಕೆ ನಾಚಿಕೆಯೂ ಆಗುತ್ತದೆ. ನನ್ನಲ್ಲಿದ್ದ ಪ್ರತಿಭೆ ಬತ್ತಿತೇ? ಈ ಬಳಗವನ್ನು ಬಿಡಬೇಕೇ? ಹಣ ಕೊಟ್ಟರೆ ಎರಡನೆಯ ಪುಸ್ತಕ ಮಾಡಿಕೊಡುವುದಾಗಿ ಪ್ರಕಾಶಕರೊಬ್ಬರು ಹೇಳುತ್ತಿದ್ದಾರೆ. ಅದರಿಂದ ಹುಮ್ಮಸ್ಸು ಮರಳೀತೇ? ಅಥವಾ ಇಂಥ ಊರಿನಲ್ಲಿ ಕುಳಿತು ಬರೆಯುವುದೇ ತಪ್ಪೇ?

– ಹೆಸರು ಬೇಡ, ಚನ್ನಗಿರಿ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನೂ ಅದರೊಂದಿಗೆ ಬಂದ ಸಂಕಲನವನ್ನೂ ಅರ್ಧಕ್ಕೆ ನಿಂತ ಕಥೆಯನ್ನೂ ಎರಡೆರಡು ಸಲ ಓದಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ದಾವಣಗೆರೆಯ ಕಾಲೇಜುಗಳಲ್ಲಿ ಮೂರು ದಶಕ ಕನ್ನಡ ಪಾಠ ಹೇಳಿ, ನಿವೃತ್ತಿಯ ನಂತರ ಇತರರ ಹಸ್ತಪ್ರತಿಗಳನ್ನು ತಿದ್ದುವುದನ್ನೇ ಕೆಲಸ ಮಾಡಿಕೊಂಡಿರುವ ನನಗೆ ಇಂಥ ಪತ್ರ ಹೊಸದಲ್ಲ. ಒಂದು ಪುಸ್ತಕ ಬಂದ ಮೇಲೆ ಎರಡನೆಯದರ ದಾರಿ ಕಾಣದೆ ನಿಂತವರು ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ನಾನು ಬಲ್ಲಂತೆಯೇ ಹತ್ತಾರು ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ತಮ್ಮ ಸ್ಥಿತಿಗೆ ಕೊಡುವ ಕಾರಣ ಒಂದೇ: ‘ಇಲ್ಲಿ ಪ್ರೋತ್ಸಾಹವಿಲ್ಲ ಸರ್.’ ನೀವು ಹಾಗೆ ಬರೆದಿಲ್ಲ. ಒಂಬತ್ತು ನೆನಪಿನ ಕಾಣಿಕೆಗಳನ್ನು ಎಣಿಸಿ ಹೇಳಿ, ಆದರೂ ಬರೆಯಲಾಗುತ್ತಿಲ್ಲ ಎಂದಿದ್ದೀರಿ. ಲೆಕ್ಕಪತ್ರದವರ ಪ್ರಾಮಾಣಿಕತೆ ಅದು. ಸಮಸ್ಯೆಯ ಬುಡವೂ ಅಲ್ಲಿಯೇ ಇದೆ.

ನಿಮ್ಮ ನಾಲ್ಕು ಪ್ರಶ್ನೆಗಳ ಹಿಂದೆ ಇರುವುದು ಒಂದೇ ಆತಂಕ ಎಂದು ನಾನು ತಿಳಿದಿದ್ದೇನೆ. ಇಷ್ಟೆಲ್ಲ ಮನ್ನಣೆ ಸಿಕ್ಕ ಮೇಲೂ ಬರೆಯುವ ಆಸೆ ಕುಂದುತ್ತಿದೆಯೆಂದರೆ ದೋಷ ನನ್ನೊಳಗೇ ಇರಬೇಕು ಎಂಬ ಆತಂಕ. ಅದಕ್ಕೆ ಆಧಾರವಿಲ್ಲ. ಸಿಕ್ಕಿರುವ ಮನ್ನಣೆ ಎಂಥದು ಎಂಬುದನ್ನು ಮೊದಲು ನೋಡಬೇಕು.

ಒಂದು ಕವಿಗೋಷ್ಠಿಯ ಲೆಕ್ಕ ಹಾಕೋಣ. ಪಟ್ಟಿಯಲ್ಲಿ ನಲವತ್ತು ಕವಿಗಳು. ಹತ್ತೂವರೆಗೆ ಎಂದು ಕರಪತ್ರದಲ್ಲಿದ್ದರೂ ದೀಪ ಬೆಳಗುವಾಗ ಹನ್ನೊಂದೂವರೆ ದಾಟಿರುತ್ತದೆ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಆಶಯ ನುಡಿ ಮುಗಿಯುವಷ್ಟರಲ್ಲಿ ಊಟದ ಹೊತ್ತು. ನಂತರ ಒಬ್ಬೊಬ್ಬರಿಗೆ ಮೂರು ನಿಮಿಷವೆಂದರೂ ಓದಿಗೇ ಎರಡು ಗಂಟೆ ಬೇಕು. ಕೊನೆಯಲ್ಲಿ ಅಧ್ಯಕ್ಷರು ನಲವತ್ತು ಕವಿತೆಗಳ ಬಗ್ಗೆ ಹದಿನೈದು ನಿಮಿಷ ಮಾತನಾಡುತ್ತಾರೆ. ಅಂದರೆ ನಿಮ್ಮ ಕವಿತೆಯ ಪಾಲಿಗೆ ಇಪ್ಪತ್ತೆರಡೂವರೆ ಸೆಕೆಂಡು. ಕೇಳುವವರಾದರೂ ಯಾರು? ತಮ್ಮ ಸರದಿ ಯಾವಾಗ ಬರುವುದೋ ಎಂದು ಕೈಯಲ್ಲಿ ಹಾಳೆ ಹಿಡಿದು ಕುಳಿತ ಉಳಿದ ಮೂವತ್ತೊಂಬತ್ತು ಮಂದಿ. ನಾನು ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಆ ಅಧ್ಯಕ್ಷರ ಕುರ್ಚಿಯಲ್ಲಿ ಎಷ್ಟೋ ಸಲ ನಾನೇ ಕುಳಿತಿದ್ದೇನೆ. ಪುಸ್ತಕ ಬಿಡುಗಡೆಗೆ ಮುಖ್ಯ ಅತಿಥಿಯಾಗಿ ಹೋದಾಗ, ಬೆನ್ನುಡಿಯನ್ನೂ ನಡುವಿನ ಎರಡು ಕವಿತೆಗಳನ್ನೂ ಕಾರಿನಲ್ಲಿ ಕುಳಿತು ನೋಡಿಕೊಂಡು, ‘ಜಿಲ್ಲೆಯ ಸಾಹಿತ್ಯಕ್ಕೆ ಇದೊಂದು ಮೌಲಿಕ ಸೇರ್ಪಡೆ’ ಎಂದು ಹೇಳಿ ಬಂದದ್ದೂ ಉಂಟು. ಆ ಮಾತನ್ನು ನಂಬಿ ಮುಂದಿನ ವರ್ಷ ಸಾಲ ಮಾಡಿ ಮತ್ತೊಂದು ಪುಸ್ತಕ ಮಾಡಿಸಿದ ಒಬ್ಬರನ್ನು ಕಂಡ ಮೇಲೆ, ಪೂರ್ತಿ ಓದದ ಪುಸ್ತಕದ ಬಗ್ಗೆ ವೇದಿಕೆಯ ಮೇಲೆ ಮಾತನಾಡುವುದನ್ನು ಬಿಟ್ಟೆ.

ಸಮಾರಂಭ ನಡೆಸುವ ಶಕ್ತಿಯಲ್ಲಿ ನಮ್ಮ ಊರುಗಳಿಗೆ ಯಾರೂ ಪಾಠ ಹೇಳಬೇಕಿಲ್ಲ. ದಾವಣಗೆರೆ 1992ರಲ್ಲಿ, ಚಿತ್ರದುರ್ಗ 2009ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮನೆಯಾದವು, ದುರ್ಗದ್ದು ಎಪ್ಪತ್ತೈದನೆಯದು. ಇಲ್ಲಿ ಕುವೆಂಪು ಕನ್ನಡ ಭವನವಿದೆ, ಅಲ್ಲಿ ತರಾಸು ರಂಗಮಂದಿರವಿದೆ. ದತ್ತಿ ಉಪನ್ಯಾಸಗಳಿಗೂ ಗೋಷ್ಠಿಗಳಿಗೂ ಕೊರತೆಯಿಲ್ಲ. ಬರೆಯುವವರು ಒಬ್ಬರನ್ನೊಬ್ಬರು ಗುರುತು ಹಿಡಿಯಲು, ಹಳ್ಳಿಯಿಂದ ಬಂದ ಹೆಣ್ಣುಮಗಳು ಮೊದಲ ಸಲ ಮೈಕಿನ ಮುಂದೆ ನಿಲ್ಲಲು ಇವೆಲ್ಲ ಬೇಕು. ನಿಮಗೂ ಅವು ಆ ಮಟ್ಟಿಗೆ ಒದಗಿವೆ. ಆದರೆ ವೇದಿಕೆಯಲ್ಲಿ ನಡೆಯುವುದು ಗೌರವ. ಓದು ನಡೆಯುವುದು ಬೇರೆಡೆ. ಗೌರವವನ್ನೇ ಓದು ಎಂದು ಭಾವಿಸಿದವರು ಕೆಲವು ವರ್ಷಗಳ ನಂತರ ಕಾರಣ ತಿಳಿಯದೆ ಬಳಲುತ್ತಾರೆ.

ಈ ವಿಷಯದಲ್ಲಿ ವೃತ್ತಿರಂಗಭೂಮಿ ಹೆಚ್ಚು ನಿಷ್ಠುರವಾಗಿತ್ತು. ರಂಗನಟಿ ಚಿಂದೋಡಿ ಲೀಲಾ ಅವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ದಾವಣಗೆರೆ. ಟಿಕೆಟ್ ಕೊಂಡು ಬಂದ ಪ್ರೇಕ್ಷಕನಿಗೆ ಮಾತು ರುಚಿಸದಿದ್ದರೆ ಅವನು ಅಲ್ಲಿಯೇ ಗದ್ದಲ ಮಾಡುತ್ತಿದ್ದ ಅಥವಾ ಎದ್ದು ಹೋಗುತ್ತಿದ್ದ, ಮರುದಿನ ಗಲ್ಲಾಪೆಟ್ಟಿಗೆಯೇ ಉತ್ತರ ಹೇಳುತ್ತಿತ್ತು. ನಾಟಕದವರು ರಾತ್ರೋರಾತ್ರಿ ದೃಶ್ಯ ತಿದ್ದಿದ ಕಥೆಗಳನ್ನು ಹಿರಿಯ ಕಲಾವಿದರ ಬಾಯಲ್ಲಿ ಕೇಳಿದ್ದೇನೆ. ಗೋಷ್ಠಿಯಿಂದ ಮರಳಿದ ರಾತ್ರಿ ಕವಿತೆ ತಿದ್ದಿದವರನ್ನು ನಾನು ಕಂಡಿಲ್ಲ. ತಿದ್ದಲು ಬೇಕಾದದ್ದೇನೂ ಅಲ್ಲಿ ಸಿಕ್ಕಿರುವುದಿಲ್ಲವಲ್ಲ.

ಇನ್ನು, ‘ಹೊಗಳಿಕೆಯಿಂದ ಉತ್ಸಾಹ ಹೆಚ್ಚುತ್ತದೆ’ ಎಂಬ ನಂಬಿಕೆ. ಎಲ್ಲರೂ ಇದನ್ನು ನಿಜವೆಂದೇ ತಿಳಿದಿದ್ದಾರೆ, ಮನಶ್ಶಾಸ್ತ್ರ ಅಷ್ಟು ಖಚಿತವಾಗಿ ಹೇಳುವುದಿಲ್ಲ. 1973ರಲ್ಲಿ ಅಮೆರಿಕದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಕೊಟ್ಟರು. ಇನ್ನೊಂದಕ್ಕೆ ಹೇಳದೆ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಕೆಲವು ದಿನಗಳ ಬಳಿಕ ಯಾರ ಒತ್ತಾಯವೂ ಇಲ್ಲದ ಹೊತ್ತಿನಲ್ಲಿ ಗಮನಿಸಿದಾಗ, ಪ್ರಶಸ್ತಿಗೆಂದು ಬಿಡಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬಣ್ಣದ ಪೆನ್ನು ಮುಟ್ಟಿದರು. ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದವರಲ್ಲಿ ಆ ಇಳಿಕೆ ಇರಲಿಲ್ಲ. 1985ರಲ್ಲಿ ತೆರೆಸಾ ಅಮಾಬಿಲೆ ಎಂಬ ಸಂಶೋಧಕಿ ಬರವಣಿಗೆಯಲ್ಲಿ ತೊಡಗಿದ್ದ 72 ಮಂದಿಯಿಂದ ಪುಟ್ಟ ಕವಿತೆಗಳನ್ನು ಬರೆಸಿದರು. ಎರಡನೆಯ ಕವಿತೆಗೆ ಮುನ್ನ ಒಂದು ಗುಂಪಿನವರು ಹಣ, ಕೀರ್ತಿ, ಮೆಚ್ಚುಗೆ ಮುಂತಾದ ಹೊರಗಿನ ಕಾರಣಗಳ ಪಟ್ಟಿಯನ್ನು ಓದಿ ಕ್ರಮವಾಗಿ ಜೋಡಿಸಬೇಕಿತ್ತು, ಇನ್ನೊಂದು ಗುಂಪಿನವರು ಬರವಣಿಗೆಯ ಸುಖಕ್ಕೆ ಸಂಬಂಧಿಸಿದ ಕಾರಣಗಳನ್ನು. ಹೊರಗಿನ ಕಾರಣಗಳ ಕುರಿತು ಕೆಲವೇ ನಿಮಿಷ ಯೋಚಿಸಿದವರ ಕವಿತೆಗಳು, ತೀರ್ಪು ಕೊಟ್ಟ ಕವಿಗಳ ಕಣ್ಣಿಗೆ ಸಪ್ಪೆಯಾಗಿ ಕಂಡವು. ಇವು ಸಣ್ಣ ಪ್ರಯೋಗಗಳು, ಬಹುಮಾನ ಯಾವಾಗ ಕೆಡುಕು ಮಾಡುತ್ತದೆ ಎಂಬ ಚರ್ಚೆ ಆಮೇಲೂ ನಡೆದಿದೆ. ಆದರೂ ನಿಮ್ಮ ಎರಡು ವರ್ಷಗಳ ಕವನಗಳಿಗೆ ಇವು ಕನ್ನಡಿ ಹಿಡಿಯುವಂತಿವೆ. ರಾಜ್ಯೋತ್ಸವದ ಕವನ ಬರೆಯುವಾಗ ನಿಮಗೆ ಪುರಸ್ಕಾರ ಏನೆಂದು ಮೊದಲೇ ಗೊತ್ತು, ದಿನಾಂಕ ಗೊತ್ತು, ಚಪ್ಪಾಳೆ ಬೀಳುವ ಸಾಲೂ ಗೊತ್ತು. ಮನಸ್ಸು ಹುಡುಕಬೇಕಾದದ್ದೇನೂ ಉಳಿದಿಲ್ಲ. ಹುಡುಕಾಟವಿಲ್ಲದ ಕೆಲಸವನ್ನು ಎರಡು ವರ್ಷ ಮಾಡಿದ ಮೇಲೆ ಮನಸ್ಸು ಮುಷ್ಕರ ಹೂಡಿದರೆ ಅದನ್ನು ಪ್ರತಿಭೆ ಬತ್ತಿದ್ದು ಎನ್ನಬಾರದು.

ನಿಮ್ಮ ವಿಷಯದಲ್ಲಿ ಎರಡನೆಯ ಕಾರಣವೊಂದಿದೆ, ನನ್ನ ಅನುಭವದಲ್ಲಿ ಅದು ಮೊದಲನೆಯದಕ್ಕಿಂತ ದೊಡ್ಡದು. ಮೊದಲ ಪುಸ್ತಕವನ್ನು ನಾವೆಲ್ಲ ಕೂಡಿಟ್ಟ ಹಣದಲ್ಲಿ ಕಟ್ಟುತ್ತೇವೆ. ತಾಯಿ, ತವರು, ಮೊದಲ ಮಳೆ, ಕಾಲೇಜಿನ ಗೆಳತಿ, ತೀರಿಹೋದ ಅಜ್ಜಿ, ಹೀಗೆ ಇಪ್ಪತ್ತು ವರ್ಷ ಒಳಗೇ ಇದ್ದದ್ದು ಒಮ್ಮೆಗೇ ಹೊರಬರುತ್ತದೆ. ನಿಮ್ಮ ಸಂಕಲನದ 62 ಕವಿತೆಗಳಲ್ಲಿ ಐವತ್ತರಷ್ಟು ಅಂಥವೇ. ಅದರ ನಂತರ ಪೆಟ್ಟಿಗೆ ಖಾಲಿ. ಎರಡನೆಯದನ್ನು ದಿನದ ಗಳಿಕೆಯಲ್ಲಿ ಕಟ್ಟಬೇಕು, ಅಂದರೆ ಈಗ ಕಣ್ಣೆದುರು ಇರುವುದನ್ನು ಈಗಲೇ ನೋಡಿ ಬರೆಯುವ ಅಭ್ಯಾಸ ಬೇಕು. ಸಂಕಲನದಲ್ಲಿ ನೀವು 18 ವರ್ಷ ದುಡಿದ ಜಾಗದ ಬಗ್ಗೆ ಒಂದೇ ಒಂದು ಸಾಲೂ ಇಲ್ಲ ಎಂಬುದು ನನಗೆ ಸೋಜಿಗವೆನಿಸಿತು. ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರ ಲೆಕ್ಕಾಚಾರ, ಕೊಯ್ಲಿನ ಕಾಲದ ರಾತ್ರಿಗಳು, ಬೇಯಿಸುವ ಹಂಡೆಯ ಹೊಗೆ, ಟೆಂಡರಿನ ದಿನ ದರ ಕೇಳಿ ಮುಖ ಬದಲಾಗುವ ರೈತರು: ಇವು ಕವಿತೆಗೆ ಹೇಳಿ ಮಾಡಿಸಿದ ವಸ್ತುವಲ್ಲ ಎಂದು ನಿಮಗೆ ಯಾರು ಹೇಳಿದರೋ ತಿಳಿಯದು.

ಆದರೆ ಆ ನಾಲ್ಕು ಪುಟದ ಕಥೆಯಲ್ಲಿ ನೀವು ಅಲ್ಲಿಗೆ ಕಾಲಿಟ್ಟಿದ್ದೀರಿ. ತೀರಿಹೋದ ಹೆಂಡತಿಯ ಹೆಸರಿನ ಸದಸ್ಯತ್ವದಲ್ಲೇ ವರ್ಷ ವರ್ಷವೂ ಎರಡು ಚೀಲ ರಾಶಿ ಇಡಿ ಅಡಿಕೆ ತಂದು ಹಾಕುವ ಮುದುಕ. ರಶೀದಿಯ ಮೇಲೆ ಅವಳ ಹೆಸರು ಬೀಳುವುದನ್ನು ನೋಡುವುದಕ್ಕಾಗಿಯೇ ಅವನು ಬರುತ್ತಾನೆಂದು ಅರಿತೂ, ನಿಯಮದಂತೆ ಖಾತೆ ಮುಚ್ಚಬೇಕಾದ ಗುಮಾಸ್ತೆ. ಇಡೀ ಸಂಕಲನದಲ್ಲಿ ಕಾಣದ ಗಟ್ಟಿತನ ಈ ನಾಲ್ಕು ಪುಟಗಳಲ್ಲಿದೆ. ಅದು ಎಲ್ಲಿ ನಿಂತಿತು ಎಂಬುದನ್ನೂ ಹೇಳುತ್ತೇನೆ. ನಾಲ್ಕನೆಯ ಪುಟದ ಕೊನೆಗೆ ಮುದುಕ ಇದ್ದಕ್ಕಿದ್ದಂತೆ ದಾಂಪತ್ಯದ ಪಾವಿತ್ರ್ಯದ ಬಗ್ಗೆ ಒಂದು ಪ್ಯಾರಾ ಭಾಷಣ ಮಾಡುತ್ತಾನೆ. ಆವರೆಗೆ ‘ಹೂಂ’, ‘ಆತು ಬುಡವ್ವ’ ಎಂದಷ್ಟೇ ಹೇಳುತ್ತಿದ್ದವನ ಬಾಯಿಗೆ ಆ ಮಾತನ್ನು ತುರುಕಿದವರು ಗೋಷ್ಠಿಯ ಕವಯಿತ್ರಿ. ಭಾಷಣ ಮುಗಿದ ಮೇಲೆ ಪಾತ್ರಕ್ಕೆ ಮಾಡಲು ಕೆಲಸವಿಲ್ಲ, ಆದ್ದರಿಂದ ಕಥೆಯೂ ನಿಂತಿತು. ಆ ಪ್ಯಾರಾವನ್ನು ತೆಗೆದು, ಗುಮಾಸ್ತೆ ಖಾತೆ ಮುಚ್ಚುತ್ತಾಳೋ ಇಲ್ಲವೋ ಎಂಬಲ್ಲಿಂದ ಮುಂದೆ ಹೋಗಿ ನೋಡಿ. ಐದು ವರ್ಷಗಳಲ್ಲಿ ನಿಮ್ಮ ಬರಹದ ಬಗ್ಗೆ ಇಷ್ಟು ಚಿಕ್ಕದಾದ, ಇಷ್ಟು ನಿರ್ದಿಷ್ಟವಾದ ಮಾತನ್ನು ಯಾರಾದರೂ ಹೇಳಿದ್ದರೇ? ಹೇಳಿರಲಾರರು. ನಿಮಗೆ ಇಲ್ಲದಿರುವುದು ಇದೊಂದು.

ಊರಿನ ಪ್ರಶ್ನೆಗೆ ಬರುತ್ತೇನೆ. ಬೆಂಗಳೂರಿನಲ್ಲಿ ಪ್ರಕಾಶಕರು, ಪತ್ರಿಕಾ ಕಚೇರಿಗಳು, ಪರಿಚಯಗಳು ಹತ್ತಿರ ಇರುತ್ತವೆ ಎಂಬುದು ನಿಜ. ಅದನ್ನು ಅಲ್ಲಗಳೆಯುವುದು ಬೂಟಾಟಿಕೆಯಾದೀತು. ಆದರೆ ಬರೆಯುವ ಉತ್ಸಾಹವೂ ಅಲ್ಲಿಯೇ ಸಿಗುತ್ತದೆ ಎಂಬುದು ಸುಳ್ಳು. ದುರ್ಗದ ಪಾಳೆಯಗಾರರ ಮೇಲೆ ಸಾಲು ಸಾಲು ಕಾದಂಬರಿ ಬರೆದ ತರಾಸು ಹುಟ್ಟಿದ್ದು ಮಲೇಬೆನ್ನೂರಿನಲ್ಲಿ, ಬದುಕಿನ ಬಹುಭಾಗ ಕಳೆದದ್ದು ಬೆಂಗಳೂರು, ಮೈಸೂರುಗಳಲ್ಲಿ. ಆದರೂ ಕೊನೆಗಾಲದ ‘ದುರ್ಗಾಸ್ತಮಾನ’ದವರೆಗೆ ಅವರ ಮನಸ್ಸು ಕೋಟೆಯನ್ನು ಬಿಟ್ಟು ಹೋಗಲಿಲ್ಲ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, 1985ರಲ್ಲಿ, ಅವರೇ ಇರಲಿಲ್ಲ. ಇನ್ನೊಂದೆಡೆ ಬಿ.ಎಲ್. ವೇಣು ಆರೋಗ್ಯ ಇಲಾಖೆಯ ನೌಕರಿ ಮಾಡಿಕೊಂಡು ಚಿತ್ರದುರ್ಗದಲ್ಲೇ ನೆಲೆಸಿ ಕಾದಂಬರಿಗಳನ್ನು ಬರೆದವರು. ಅವರ ಕಥೆಗಳು ಸಿನಿಮಾದವರನ್ನೂ ತಲುಪಿದವು. ಒಬ್ಬರು ಹೋದರು, ಒಬ್ಬರು ಉಳಿದರು, ಇಬ್ಬರೂ ಬರೆದರು.

ನನಗೆ ಇವರಿಬ್ಬರಿಗಿಂತ ಹೆಚ್ಚು ನೆನಪಾಗುವವರು ಚಳ್ಳಕೆರೆ ತಾಲ್ಲೂಕಿನ ತಳುಕಿನ ವೆಂಕಣ್ಣಯ್ಯನವರು. ತಾವು ಬರೆದು ಪ್ರಕಟಿಸಿದ್ದು ಸ್ವಲ್ಪವೇ. ಆದರೆ 1949ರಲ್ಲಿ ಕುವೆಂಪು ತಮ್ಮ ಮಹಾಕಾವ್ಯವನ್ನು ಹೊರತಂದಾಗ ಅದನ್ನು ಅರ್ಪಿಸಿದ್ದು ಹತ್ತು ವರ್ಷಗಳ ಹಿಂದೆ, 1939ರಲ್ಲಿ, ತೀರಿಕೊಂಡಿದ್ದ ಈ ಗುರುವಿಗೆ. ಇಷ್ಟು ದೊಡ್ಡ ಕವಿಯ ಮನಸ್ಸಿನಲ್ಲೂ, ಸಾವಿರಾರು ಓದುಗರ ಜಾಗದಲ್ಲಿ, ಒಪ್ಪಿಸಲೇಬೇಕಾದ ಒಬ್ಬ ಓದುಗ ಕುಳಿತಿದ್ದರು ಎಂಬುದನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನಾನು ಕ್ಷಣ ಹೊತ್ತು ನಿಲ್ಲಿಸುತ್ತಿದ್ದೆ.

ಹಾಗಾದರೆ ನೀವು ಏನು ಮಾಡಬಹುದು?

ಬಳಗವನ್ನು ಪೂರ್ತಿ ಬಿಡುವುದು ಒಂದು ದಾರಿ. ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಸಣ್ಣ ಊರಿನಲ್ಲಿ ‘ಅವರಿಗೆ ಜಂಬ ಬಂತು’ ಎಂಬ ಮಾತು ಬಸ್ಸಿಗಿಂತ ಬೇಗ ತಲುಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಾಗೆ ಸಿಟ್ಟಿನಿಂದ ಹೊರಬಂದವರು ಬರೆಯುವುದಕ್ಕಿಂತ ಬಳಗವನ್ನು ಬಯ್ಯುವುದರಲ್ಲಿ ಹೆಚ್ಚು ಕಾಲ ಕಳೆದದ್ದನ್ನು ಕಂಡಿದ್ದೇನೆ. ವರ್ಷಕ್ಕೆ ಎರಡೋ ಮೂರೋ ಗೋಷ್ಠಿಗೆ ಮಿತಿ ಹಾಕಿಕೊಳ್ಳಿ, ಸಂಘದ ವರ್ಷಾಂತ್ಯದ ಲೆಕ್ಕ ಇದೆ ಎಂದು ಸೌಜನ್ಯದಿಂದ ತಪ್ಪಿಸಿಕೊಳ್ಳಿ. ಸಂದರ್ಭಕ್ಕೆಂದೇ ಕವನ ಬರೆಯುವುದನ್ನು ಒಂದು ವರ್ಷ ನಿಲ್ಲಿಸಿ, ಓದಲೇಬೇಕಾದರೆ ಹಳೆಯದನ್ನು ಓದಿ. ಪ್ರವೇಶ ಶುಲ್ಕ ಕೇಳುವ ಗೋಷ್ಠಿ, ‘ಸಂಸ್ಥೆಗೆ ದೇಣಿಗೆ’ ಕೇಳುವ ಪ್ರಶಸ್ತಿ, ಇವುಗಳಿಗೆ ಮಾತ್ರ ಸೌಜನ್ಯವೂ ಬೇಕಿಲ್ಲ. ಗುಂಪುಗಾರಿಕೆ, ಜಾತಿ, ‘ನಮ್ಮವರು’ ಎಂಬ ಮಾತು ನಮ್ಮಲ್ಲಿಲ್ಲವೇ ಎಂದರೆ ಇದೆ. ಬೆಂಗಳೂರಿನಲ್ಲೂ ಇದೆ, ಅಲ್ಲಿ ಅದಕ್ಕೆ ಒಳ್ಳೆಯ ಹೆಸರುಗಳಿವೆ ಅಷ್ಟೇ.

ಎರಡನೆಯ ದಾರಿಗೆ ನನ್ನ ಮತವಿದೆ: ಮೂರು, ಹೆಚ್ಚೆಂದರೆ ನಾಲ್ಕು ಜನರ ಓದಿನ ಕೂಟ. ಇಂಥ ಕೂಟಗಳನ್ನು ನಾನು ನಾಲ್ಕು ಸಲ ಆರಂಭಿಸಿದ್ದೇನೆ, ಎರಡು ಮುರಿದವು, ಆದ್ದರಿಂದ ಒಡಕು ಎಲ್ಲಿ ಬರುತ್ತದೆ ಎಂಬುದು ಗೊತ್ತು. ಹಾಳೆಗಳು ಒಂದು ವಾರ ಮೊದಲೇ ಕೈಸೇರಿರಬೇಕು. ಅಲ್ಲಿಯೇ ಓದಿ ಕೇಳಿಸಿದರೆ ಅದು ಮತ್ತೊಂದು ಕವಿಗೋಷ್ಠಿಯಾಗುತ್ತದೆ, ದನಿ ಚೆನ್ನಾಗಿದ್ದವರ ಕವಿತೆಯೇ ಚೆನ್ನಾಗಿರುತ್ತದೆ. ಬರೆದವರು ಮೊದಲ ಅರ್ಧ ಗಂಟೆ ಬಾಯಿ ತೆರೆಯಕೂಡದು. ‘ತುಂಬಾ ಚೆನ್ನಾಗಿದೆ’, ‘ಇನ್ನೂ ಪಕ್ವವಾಗಬೇಕು’ ಎಂಬ ಎರಡು ಮಾತುಗಳಿಗೂ ನಿಷೇಧ. ಯಾವ ಸಾಲಿನಲ್ಲಿ ಗಮನ ಜಾರಿತು, ಎಲ್ಲಿ ನಂಬಿಕೆ ಬರಲಿಲ್ಲ ಎಂದು ಬೆರಳಿಟ್ಟು ತೋರಿಸಬೇಕು. ಒಬ್ಬರಾದರೂ ಬರೆಯದ, ಕೇವಲ ಓದುವ ವ್ಯಕ್ತಿ ಇರಲಿ. ನನ್ನ ಕೂಟಗಳಲ್ಲಿ ಅತ್ಯಂತ ಚುರುಕಾದ ಓದುಗರು ಮಂಡಿಪೇಟೆಯ ಅಂಗಡಿಯೊಂದರ ಮಾಲೀಕರಾಗಿದ್ದರು. ಯಾವ ಪದವಿಯೂ ಇಲ್ಲ, ‘ಈ ಹೆಂಗಸು ಇಷ್ಟು ಹೊತ್ತಿಗೆ ಅಡುಗೆ ಯಾವಾಗ ಮಾಡಿದಳು ಸ್ವಾಮಿ?’ ಎಂದು ಕೇಳಿ ಒಂದು ಕಥೆಯ ಇಡೀ ಕಾಲಕ್ರಮವನ್ನೇ ಉರುಳಿಸಿದರು. ಅಪಾಯಗಳೂ ಇವೆ. ಆರು ತಿಂಗಳಲ್ಲಿ ಒಬ್ಬರ ಪುಸ್ತಕ ಬರುತ್ತದೆ, ಉಳಿದವರು ಮುಗುಮ್ಮಾಗುತ್ತಾರೆ. ಒಬ್ಬರ ಟೀಕೆ ಬರಹವನ್ನು ಬಿಟ್ಟು ಬರೆದವರ ಮೇಲೆ ತಿರುಗುತ್ತದೆ. ಮುರಿದ ಎರಡರಲ್ಲಿ ಒಂದು ನನ್ನ ನಾಲಿಗೆಯಿಂದಲೇ ಮುರಿಯಿತು. ಇನ್ನೊಂದು ಗಂಡಾಂತರವೆಂದರೆ ಅತಿಯಾದ ಒಗ್ಗಟ್ಟು; ಮೂರು ವರ್ಷದ ನಂತರ ಎಲ್ಲರೂ ಒಬ್ಬರಂತೆಯೇ ಬರೆಯತೊಡಗುತ್ತಾರೆ, ಆಗ ಕೂಟವನ್ನು ಗೌರವದಿಂದ ಮುಗಿಸುವುದು ಮೇಲು. ಚನ್ನಗಿರಿಯಿಂದ ದಾವಣಗೆರೆಗೆ ತಿಂಗಳಿಗೊಮ್ಮೆ ಬರುವುದು ಕಷ್ಟವಾದರೆ ವಾಟ್ಸ್‌ಆ್ಯಪ್‌ನಲ್ಲಿ ಹಾಳೆ ಕಳುಹಿಸಿ ದೂರವಾಣಿಯಲ್ಲಿ ಮಾತನಾಡಿ, ಆದರೆ ನೂರಿನ್ನೂರು ಜನರ ಸಾಹಿತ್ಯ ಗುಂಪಿಗೆ ಹಾಕಬೇಡಿ. ಅಲ್ಲಿ ಬರುವ ಹೂಗುಚ್ಛದ ಚಿತ್ರಗಳು ಶಾಲಿನ ಚಿಲ್ಲರೆ ರೂಪ.

ಮೂರನೆಯದು, ಗುರುತು ಪರಿಚಯವಿಲ್ಲದ ಸಂಪಾದಕರಿಗೆ ಕಥೆ ಕಳುಹಿಸುವುದು. ಸುಧಾ, ಮಯೂರ, ತುಷಾರ ಮುಂತಾದ ಪತ್ರಿಕೆಗಳಿವೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ಇದೆ. ಹತ್ತು ಹನ್ನೆರಡು ಕಥೆಗಳಾದ ಮೇಲೆ ಹಸ್ತಪ್ರತಿ ಆಹ್ವಾನಿಸಿ, ಆಯ್ದು, ತಾವೇ ಪ್ರಕಟಿಸುವ ಛಂದ ಪುಸ್ತಕದಂಥ ಪ್ರಕಾಶನಗಳೂ ಇವೆ. ಆಯಾ ವರ್ಷದ ನಿಯಮಗಳನ್ನು ನೋಡಿಕೊಳ್ಳಿ. ಇದರ ಅಪಾಯ ಮೌನ. ತಿಂಗಳುಗಟ್ಟಲೆ ಉತ್ತರ ಬರುವುದಿಲ್ಲ, ಬಂದರೂ ಕಾರಣ ಹೇಳುವುದಿಲ್ಲ. ಹತ್ತು ಸಲ ಶಾಲು ಹೊದ್ದವರಿಗೆ ಈ ಮೌನ ಹೆಚ್ಚು ಚುಚ್ಚುತ್ತದೆ. ಒಂದು ಕಥೆ ಹೊರಟ ದಿನವೇ ಇನ್ನೊಂದನ್ನು ಶುರು ಮಾಡುವುದರ ಹೊರತು ಇದಕ್ಕೆ ಬೇರೆ ಮದ್ದು ನನಗೆ ತಿಳಿದಿಲ್ಲ.

ಹಣ ಕೊಟ್ಟು ಎರಡನೆಯ ಪುಸ್ತಕ ಮಾಡಿಸುವುದು ಈಗ ಬೇಡ. ಬಿಡುಗಡೆಯ ಸಂಭ್ರಮ ಒಂದು ತಿಂಗಳ ಹುಮ್ಮಸ್ಸು ತರುತ್ತದೆ, ಆಮೇಲೆ ಅಟ್ಟದಲ್ಲಿ ಇನ್ನೂ ನಾಲ್ಕು ನೂರು ಪ್ರತಿ. ‘ಗ್ರಂಥಾಲಯ ಇಲಾಖೆಯವರು ಕೊಳ್ಳುತ್ತಾರೆ’ ಎಂದು ಪ್ರಕಾಶಕರು ಹೇಳಿಯೇ ಹೇಳುತ್ತಾರೆ. ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದ ಹೊಸ ಪುಸ್ತಕದ ಸಾಮಾನ್ಯವಾಗಿ 300 ಪ್ರತಿಗಳನ್ನು ಕೊಳ್ಳುವ ಪದ್ಧತಿ ಇದೆ, ಆದರೆ ಆಯ್ಕೆ ಖಾತ್ರಿಯಿಲ್ಲ, ಆಯ್ಕೆಗೂ ಹಣಕ್ಕೂ ನಡುವೆ ವರ್ಷಗಳೇ ಕಳೆದ ಉದಾಹರಣೆಗಳಿವೆ, ಬಂದ ಹಣ ಯಾರಿಗೆ ಸೇರುತ್ತದೆ ಎಂಬುದು ನಿಮ್ಮ ಒಪ್ಪಂದದ ಮೇಲೆ ನಿಂತಿದೆ. ಬಾಯಿಮಾತಿನ ಒಪ್ಪಂದ ಮಾಡಿಕೊಳ್ಳಬೇಡಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ಸಹಿಯಾಗಿರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷ ಎಂದು ಪರಿಗಣಿತವಾಗುತ್ತದೆ. ಅವರು ಸಹಿ ಕೇಳಿದ ಕಾಗದದಲ್ಲಿ ‘ಶಾಶ್ವತವಾಗಿ’ ಎಂಬ ಪದವಿದ್ದರೆ ಹೊಡೆದು ಹಾಕಿ. ಲೆಕ್ಕದ ಪುಸ್ತಕಗಳನ್ನು ಓದಬಲ್ಲ ನಿಮಗೆ ಇದು ಕಷ್ಟವಲ್ಲ, ಲೇಖಕರಾದ ಕೂಡಲೇ ನಾವು ಲೆಕ್ಕ ಕೇಳಲು ನಾಚುತ್ತೇವೆ ಅಷ್ಟೇ.

ಸ್ಫೂರ್ತಿ ಬರುವವರೆಗೆ ಸುಮ್ಮನಿರುವುದನ್ನೂ ಕೆಲವರು ಸೂಚಿಸಿಯಾರು. ವಿಶ್ರಾಂತಿ ಬೇಕಿದ್ದರೆ ತೆಗೆದುಕೊಳ್ಳಿ, ಆದರೆ ಅದಕ್ಕೆ ಕೊನೆಯ ದಿನಾಂಕವಿರಲಿ. ರಾಬರ್ಟ್ ಬಾಯ್ಸ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಬರೆಯಲು ತಿಣುಕುತ್ತಿದ್ದ ಅಧ್ಯಾಪಕರ ಮೇಲೆ ಮಾಡಿದ ಅಧ್ಯಯನದಲ್ಲಿ, ಮನಸ್ಸು ಬಂದಾಗ ಬರೆದವರಿಗಿಂತ ನಿಗದಿತ ಹೊತ್ತಿಗೆ ಕಡ್ಡಾಯವಾಗಿ ಕುಳಿತವರು ಹೆಚ್ಚು ಬರೆದರು. ಅಷ್ಟೇ ಅಲ್ಲದೆ ಹೊಸ ಹೊಳಹುಗಳೂ ಅವರಿಗೇ ಹೆಚ್ಚಾಗಿ ಬಂದವು. ನಿಮಗೆ ದಿನಕ್ಕೆ ನಲವತ್ತು ನಿಮಿಷ ಸಾಕು. ಅಡಿಕೆ ಸುಗ್ಗಿಯ ತಿಂಗಳುಗಳಲ್ಲಿ ಅದೂ ಆಗದಿದ್ದರೆ ಆ ದಿನ ಕೌಂಟರಿನ ಮುಂದೆ ಕೇಳಿದ ಒಂದು ಮಾತನ್ನು, ಆಡಿದವರ ಬಾಯಿಯಲ್ಲಿ ಇದ್ದ ಹಾಗೆಯೇ, ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ.

ಒಂದು ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಬರವಣಿಗೆಯೊಂದೇ ಅಲ್ಲದೆ ಊಟ, ನಿದ್ರೆ, ಮನೆಯವರ ಜೊತೆಗಿನ ಮಾತು ಯಾವುದೂ ಬೇಡವೆನಿಸುವ ಸ್ಥಿತಿ ಎರಡು ವಾರ ಮೀರಿ ಉಳಿದಿದ್ದರೆ ಅದು ಸಾಹಿತ್ಯದ ಪ್ರಶ್ನೆಯಲ್ಲ, ವೈದ್ಯರನ್ನು ಕಾಣಬೇಕು. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ನಿಮ್ಮ ಪತ್ರದ ಧಾಟಿಯಲ್ಲಿ ಅಂಥ ಲಕ್ಷಣ ನನಗೆ ಕಾಣಲಿಲ್ಲ. ಕಿರಿಯರ ಹೆಸರು ಕೇಳಿ ಸಂಕಟವಾಗುವುದು ಕಾಯಿಲೆಯಲ್ಲ, ಅದಕ್ಕೆ ನಾಚಬೇಕಾಗಿಯೂ ಇಲ್ಲ. ಅವರಲ್ಲಿ ಒಬ್ಬರ ಕಥೆಯನ್ನು ಪೆನ್ಸಿಲ್ ಹಿಡಿದು ಓದಿ, ಎಲ್ಲಿ ನಿಮಗಿಂತ ಚೆನ್ನಾಗಿ ಬರೆದಿದ್ದಾರೆ ಎಂದು ಗುರುತು ಹಾಕಿದರೆ ಸಂಕಟ ಅರ್ಧವಾಗುತ್ತದೆ. ಉಳಿದರ್ಧ ಇರಲಿ, ಕೆಲಸಕ್ಕೆ ಬರುತ್ತದೆ.

ಅಟ್ಟದ ಮೇಲಿನ 346 ಪ್ರತಿಗಳ ಬಗ್ಗೆ: ಗಣ್ಯರಿಗೆ ಹಂಚುವುದನ್ನು ನಿಲ್ಲಿಸಿ. ತಾಲ್ಲೂಕಿನ ಪ್ರೌಢಶಾಲೆಗಳಿಗೂ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕೊಡಿ, ಐವತ್ತನ್ನು ಉಳಿಸಿಕೊಳ್ಳಿ, ಮಿಕ್ಕದ್ದರ ಬಗ್ಗೆ ಚಿಂತಿಸಬೇಡಿ. ನನ್ನ ಮೊದಲ ಪುಸ್ತಕದ ಕಟ್ಟುಗಳು ಈಗಲೂ ಮನೆಯಲ್ಲಿವೆ, ಮೊಮ್ಮಕ್ಕಳು ಕಿಟಕಿ ಹತ್ತಲು ಬಳಸುತ್ತಾರೆ.

ಕಥೆಯ ನಾಲ್ಕು ಪುಟಗಳ ಅಂಚಿನಲ್ಲಿ ಗುರುತು ಮಾಡಿ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಅವುಗಳಲ್ಲಿ ಅರ್ಧವನ್ನು ನೀವು ಒಪ್ಪದಿದ್ದರೂ ನಡೆದೀತು. ಮೂರನೆಯ ಪುಟದ ತೂಕದ ಲೆಕ್ಕವನ್ನು ಮಾತ್ರ ಇನ್ನೊಮ್ಮೆ ನೋಡಿ: ಮುದುಕ ತಂದದ್ದು ಎರಡು ಚೀಲ, ಖಾಲಿ ಚೀಲದ ತೂಕವನ್ನು ಗುಮಾಸ್ತೆ ಕಳೆದಿರುವುದು ಒಂದರದ್ದು. ಅದು ಅವಳು ಬೇಕೆಂದೇ ಮಾಡಿದ ತಪ್ಪೋ, ನಿಮ್ಮದೋ?